ತುಂಬಿದ ಮನೆಯಲ್ಲೊಂದು ಖಾಲಿ ಪಾತ್ರೆ

ಚಳಿಗುಡ್ಡ ಎಂಬ ಊರಿನಲ್ಲಿ ಒಂದು ಮನೆಯಿತ್ತು. ಆ ಮನೆಯಲ್ಲಿ ಖಾಲಿ ಎನ್ನುವ ವಸ್ತುವೇ ಇರಲಿಲ್ಲ.

ಉಪ್ಪಿನ ಜಾಡಿಯಲ್ಲಿ ಕಂಠದವರೆಗೆ ಉಪ್ಪು. ಕೊಡಗಳಲ್ಲಿ ಬಾಯಿಮಟ್ಟ ನೀರು. ರಾಗಿಯ ಡಬ್ಬಕ್ಕೆ ಮುಚ್ಚಳ ಹಾಕಬೇಕಾದರೆ ಮೊಣಕಾಲಿನಿಂದ ಒತ್ತಬೇಕು. ಯಾವುದಾದರೂ ಡಬ್ಬ ಕೆಲಸವಿಲ್ಲದೆ ಉಳಿದರೆ ಅದಕ್ಕೆ ತೆಂಗಿನ ಕರಟವನ್ನಾದರೂ ತುಂಬಿ ಇಡುತ್ತಿದ್ದರು. ಊರವರು ಅದನ್ನು ‘ತುಂಬಿದ ಮನೆ’ ಎಂದೇ ಕರೆಯುತ್ತಿದ್ದರು. ಹೊಸಬರಿಗೆ ದಾರಿ ಹೇಳುವಾಗಲೂ ಅದೇ ಗುರುತು.

ಇದೆಲ್ಲ ನಿಂಗಾಜಮ್ಮನವರ ಕಟ್ಟಳೆ. ಅವರು ಆ ಮನೆಯ ಹಿರಿಯರು, ಎಂಬತ್ತು ದಾಟಿದವರು. ಮನೆಯವರಿಗೂ ಊರವರಿಗೂ ಅವರು ದೊಡ್ಡವ್ವ. ಉಗ್ರಾಣದ ಬೀಗದ ಕೈ ಸದಾ ಅವರ ಸೊಂಟದಲ್ಲೇ ಇರುತ್ತಿತ್ತು. ನಗಬೇಡಿ. ದೊಡ್ಡವ್ವ ಹುಡುಗಿಯಾಗಿದ್ದಾಗ ಅವರ ತಾಯಿ ಖಾಲಿ ಮಡಕೆಯ ತಳ ಕೆರೆಯುವುದನ್ನು ಕೇಳಿಕೊಂಡು ಮಲಗಿದವರು. ಆ ಕೆರೆಯುವ ಸದ್ದು ಇಷ್ಟು ವರ್ಷವಾದರೂ ಅವರ ಕಿವಿ ಬಿಟ್ಟು ಹೋಗಿರಲಿಲ್ಲ.

ದೊಡ್ಡವ್ವನ ಮಗ ಗುರುಮಲ್ಲಪ್ಪ ದವಸದ ವ್ಯಾಪಾರಿ. ಅಂಗಡಿಯಲ್ಲಿ ಹುಲಿ, ಅವ್ವನ ಎದುರು ಇಲಿ. ಅವನ ಮಗಳು ಶಿವಲೀಲಾ ಆ ವರ್ಷ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಅವಸರ ಮಾಡಿತು. ಎಂಟನೆಯ ತಿಂಗಳಲ್ಲೇ ಹುಟ್ಟಿಬಿಟ್ಟಿತು. ಹೆಣ್ಣು ಮಗು, ಒಂದು ಮೊರದಲ್ಲಿ ಮಲಗಿಸಿದರೆ ಮುಕ್ಕಾಲು ಮೊರ ಉಳಿಯುವಷ್ಟು ಪುಟ್ಟದು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರಮ್ಮ ಎರಡೇ ಮಾತು ಹೇಳಿದರು. ಮಗು ಇರುವ ಕೋಣೆ ಹಗಲೂ ರಾತ್ರಿ ಬೆಚ್ಚಗಿರಬೇಕು. ಆದರೆ ಕೋಣೆಯೊಳಗೆ ಹೊಗೆ ಸುಳಿಯಬಾರದು. ಹೊಗೆ ತಾಗಿದರೆ ಆ ಪುಟ್ಟ ಎದೆ ತಡೆಯುವುದಿಲ್ಲ.

ಹೇಳುವುದು ಸುಲಭ. ಚಳಿಗುಡ್ಡದ ಚಳಿ ಎಂದರೆ ಬೆಳಗಿನ ಹೊತ್ತು ಹಿತ್ತಲಿನ ಹುಲ್ಲಿನ ಮೇಲೆ ರವೆ ಚೆಲ್ಲಿದ ಹಾಗೆ ಬೆಳ್ಳಗೆ ಕೂರುವ ಚಳಿ. ಆ ಊರಿನಲ್ಲಿ ಬಾಣಂತಿ ಕೋಣೆ ಎಂದರೆ ಕೆಂಡದ ಅಗ್ಗಿಷ್ಟಿಕೆ ಇದ್ದೇ ಇರಬೇಕು. ಅಗ್ಗಿಷ್ಟಿಕೆ ಎಂದ ಮೇಲೆ ಹೊಗೆ. ಕರೆಂಟಿನ ಹೀಟರ್ ಇಡೋಣವೆಂದರೆ ಮೋಡ ಮುಸುಕಿದ ದಿನ ಕರೆಂಟು ಗುಡ್ಡ ಹತ್ತುವುದೇ ಇಲ್ಲ. ಹೀಗಾಗಿ ಗುರುಮಲ್ಲಪ್ಪ ಪ್ರಭಾಮಣಿಯನ್ನು ಕರೆಸಿದ.

ಪ್ರಭಾಮಣಿ ತಾಮ್ರದ ಕೆಲಸದವಳು. ನಲವತ್ತರ ಹೆಂಗಸು, ಕೈತುಂಬ ಸುಟ್ಟ ಗುರುತು. ಅಪ್ಪ ಮಾನಾಚಾರರ ಹತ್ತಿರ ಸುತ್ತಿಗೆ ಹಿಡಿಯಲು ಕಲಿತವಳು. ಅಪ್ಪನೇ ಅವಳಿಗೆ ಗುರು. ಮಾನಾಚಾರರು ತೀರಿಕೊಂಡು ಹತ್ತು ವರ್ಷವಾಗಿದ್ದರೂ ಅವರು ಹೇಳಿಕೊಟ್ಟ ಒಂದು ಮಾತನ್ನು ಅವಳು ಪ್ರತಿ ಕೆಲಸದ ಮೊದಲೂ ನೆನೆಸಿಕೊಳ್ಳುತ್ತಿದ್ದಳು. “ಕಾಯಿಸಿದ್ರೆ ನೀರಿಗೆ ಸಿಟ್ಟು ಬರಲ್ಲ ಮಗಳೇ, ಜಾಗ ಕೊಡದಿದ್ರೆ ಬರುತ್ತೆ.”

ಅವಳು ಹಿತ್ತಲ ಕಡೆಯ ಒಲೆಮನೆಯಲ್ಲಿ ಮೂವತ್ತು ಕೊಡ ನೀರು ಹಿಡಿಯುವ ಒಂದು ತಾಮ್ರದ ಹಂಡೆ ಕಟ್ಟಿದಳು. ಬಚ್ಚಲಿನ ಹಂಡೆಗೆ ಇರುವಂತೆ ಇದಕ್ಕೆ ತೆರೆದ ಬಾಯಿ ಇರಲಿಲ್ಲ, ಎಲ್ಲ ಕಡೆಯೂ ಬೆಸುಗೆ. ಕೆಳಗೆ ಒಲೆ, ಹೊಗೆಗೆ ಹೊರಗೆ ಚಿಮಣಿ. ಹಂಡೆಯಿಂದ ಹೊರಟ ಪೈಪು ಬಾಣಂತಿ ಕೋಣೆಯ ಗೋಡೆಯನ್ನು ಸುತ್ತಿ ಮತ್ತೆ ಹಂಡೆಗೇ ಬರುತ್ತಿತ್ತು. ಬಿಸಿನೀರು ಮೇಲೇರಿ ಕೋಣೆಯನ್ನು ಬಳಸಿ, ತಣ್ಣಗಾಗಿ ಕೆಳಗಿಳಿದು, ಮತ್ತೆ ಕಾದು ಹೊರಡುತ್ತಿತ್ತು. ಸ್ನಾನಕ್ಕೂ ಅಲ್ಲ, ಅಡುಗೆಗೂ ಅಲ್ಲ. ಆ ನೀರಿಗೆ ಮಗುವನ್ನು ಬೆಚ್ಚಗಿಡುವುದು ಒಂದೇ ಕೆಲಸ.

ಇನ್ನೊಂದು ಪೈಪು ಹಂಡೆಯ ನೆತ್ತಿಯಿಂದ ನೇರ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಮೂಲೆಯ ಕೋಣೆಯಲ್ಲಿ ಒಂದು ಚಿಕ್ಕ ತಾಮ್ರದ ಪಾತ್ರೆ. ಪೈಪು ಆ ಪಾತ್ರೆಯ ತಳಕ್ಕೆ ಬಂದು ಸೇರುತ್ತಿತ್ತು. ಪಾತ್ರೆ ಹಿಡಿಯುವುದು ಒಂದೂಕಾಲು ಕೊಡ. ಒಲೆ ಹಚ್ಚುವ ಮೊದಲು, ನೀರು ತಣ್ಣಗಿದ್ದಾಗ, ಪ್ರಭಾಮಣಿ ಅದರಲ್ಲಿ ಕಾಲು ಕೊಡ ನೀರು ಬಿಟ್ಟು ಒಂದು ಕೊಡದ ಜಾಗವನ್ನು ಖಾಲಿ ಉಳಿಸಿದಳು. ಮೇಲೆ ಸಡಿಲವಾದ ತೂತಿನ ಮುಚ್ಚಳ ಇಟ್ಟಳು.

ಗುರುಮಲ್ಲಪ್ಪ ತಲೆ ಕೆರೆದುಕೊಂಡ. ಇಷ್ಟು ದೊಡ್ಡ ಹಂಡೆಯಲ್ಲಿ ಸೂಜಿಮೊನೆಯಷ್ಟೂ ಜಾಗ ಬಿಡದೆ ನೀರು ತುಂಬಿ, ಇಷ್ಟು ಚಿಕ್ಕ ಪಾತ್ರೆಯನ್ನು ಮುಕ್ಕಾಲುಪಾಲು ಖಾಲಿ ಬಿಡುವುದೇಕೆಂದು ಕೇಳಿದ. ನೀರು ಕಾದರೆ ಉಬ್ಬುತ್ತದೆ ಎಂದು ಪ್ರಭಾಮಣಿ ವಿವರಿಸಿದಳು. ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತದೆ, ನೀರು ಉಬ್ಬುವುದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ತಣ್ಣಗಿದ್ದಾಗ ಮೂವತ್ತು ಕೊಡ ಇದ್ದದ್ದು ಚೆನ್ನಾಗಿ ಕಾದ ಮೇಲೆ ಮೂವತ್ತೊಂದು ಕೊಡ ಆಗುತ್ತದೆ. ಆ ಹೆಚ್ಚಿನ ಒಂದು ಕೊಡ ಮೇಲೆ ಬಂದು ಕೂರುವುದಕ್ಕೇ ಈ ಜಾಗ. ರಾತ್ರಿ ಬೆಂಕಿ ಇಳಿದಾಗ ಅದು ಮತ್ತೆ ಹಂಡೆಯೊಳಕ್ಕೆ ಇಳಿದುಹೋಗುತ್ತದೆ. ಈ ಪಾತ್ರೆಯನ್ನು ತುಂಬಿಸಬೇಡಿ, ಇದರ ತಳದ ತೂತು ಮುಚ್ಚಬೇಡಿ, ಎರಡೇ ಎರಡು ಮಾತು ನೆನಪಿಟ್ಟುಕೊಳ್ಳಿ ಎಂದು ಹೇಳಿ ಅವಳು ಹೋದಳು.

ಗುರುಮಲ್ಲಪ್ಪ ಎರಡನ್ನೂ ನೆನಪಿಟ್ಟುಕೊಂಡ. ಆದರೆ ಅವ್ವನಿಗೆ ಹೇಳಲಿಲ್ಲ. ತುಂಬಿದ ಮನೆಯಲ್ಲಿ ಒಂದು ಖಾಲಿ ಪಾತ್ರೆ ಇದೆ ಎಂದು ಅವ್ವನ ಎದುರು ಹೇಳುವ ಎದೆಗಾರಿಕೆ ಅವನಿಗೆ ಎಲ್ಲಿಂದ ಬರಬೇಕು?

ಒಲೆ ಹೊತ್ತಿತು. ಕೋಣೆ ಬೆಚ್ಚಗಾಯಿತು. ಹೊಗೆಯ ವಾಸನೆಯೂ ಇಲ್ಲ. ಮೂರು ವಾರದಲ್ಲಿ ಮಗುವಿನ ಕೆನ್ನೆಗೆ ಬಣ್ಣ ಬಂತು, ಅಳುವಿಗೆ ದನಿ ಬಂತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ದೀಪಾವಳಿ ಬಂತು.

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ ಎಂದು ನಿಮಗೆ ಗೊತ್ತೇ ಇದೆ. ಮನೆಯ ಹಂಡೆ, ಕೊಡ, ಬಿಂದಿಗೆ, ಚೊಂಬು ಎಲ್ಲವನ್ನೂ ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಬಾಯಿಮಟ್ಟ ಹೊಸನೀರು ತುಂಬಿ, ದೀಪ ಹಚ್ಚಿ ಗಂಗೆಗೆ ಪೂಜೆ ಮಾಡುವ ಹಬ್ಬ. ಬೇರೆಯವರ ಮನೆಯಲ್ಲಿ ಅದು ವರ್ಷಕ್ಕೊಂದು ದಿನ. ದೊಡ್ಡವ್ವನಿಗೆ ವರ್ಷವೆಲ್ಲ ಅದೇ ಹಬ್ಬ, ಆ ದಿನ ಮಾತ್ರ ಇಡೀ ಊರು ಅವರ ದಾರಿಗೆ ಬರುತ್ತಿತ್ತು. ಅಂದು ಸಂಜೆ ದೀಪ ಹಚ್ಚುವಾಗ ಮನೆಯಲ್ಲಿ ಒಂದು ಪಾತ್ರೆ ಬರಿದಾಗಿದ್ದರೂ ವರ್ಷವಿಡೀ ಮನೆ ಬರಿದು ಎಂದು ಅವರ ನಂಬಿಕೆ.

ಹಬ್ಬದ ಹಿಂದಿನ ದಿನ ಬೆಳಗುವ ಪಾತ್ರೆಗಳನ್ನು ಹುಡುಕುತ್ತ ದೊಡ್ಡವ್ವ ಮಹಡಿ ಹತ್ತಿದರು. ಮೂಲೆಯ ಕೋಣೆಯಲ್ಲಿ ಈ ಪಾತ್ರೆ ಸಿಕ್ಕಿತು. ಒಲೆ ಸಣ್ಣಗೆ ಉರಿಯುತ್ತಿದ್ದ ಹೊತ್ತು, ಪಾತ್ರೆಯಲ್ಲಿ ಅರ್ಧ ನೀರಿತ್ತು. ಅರ್ಧ ಎಂದರೆ ಅವರ ಲೆಕ್ಕದಲ್ಲಿ ಖಾಲಿಯೇ. ತಾವೇ ನಿಂತು ಬಿಂದಿಗೆಯಿಂದ ನೀರು ಹುಯ್ಯಿಸಿ ಬಾಯಿಮಟ್ಟ ತುಂಬಿಸಿ ಇಳಿದರು.

ರಾತ್ರಿ ಬೆಂಕಿ ಇಳಿಯಿತು. ಹಂಡೆಯ ನೀರು ತಣಿದು ಕುಗ್ಗಿತು. ಮೇಲಿನ ನೀರು ಪೈಪಿನಲ್ಲಿ ಇಳಿಯಿತು. ಹಬ್ಬದ ದಿನ ಬೆಳಗ್ಗೆ ದೊಡ್ಡವ್ವ ಬಂದು ನೋಡುತ್ತಾರೆ, ಪಾತ್ರೆಯ ನೀರು ಒಂದು ಗೇಣು ಕೆಳಗಿದೆ. ತಳದಲ್ಲಿ ಕೈಯಾಡಿಸಿದರೆ ಹೆಬ್ಬೆರಳು ಹೋಗುವಷ್ಟು ತೂತು. ಪ್ರಭಾಮಣಿ ತೂತಿನ ಪಾತ್ರೆ ತಂದು ತಮ್ಮ ತಲೆಗೆ ಕಟ್ಟಿದ್ದಾಳೆ ಎಂದು ಅವರಿಗೆ ಖಚಿತವಾಯಿತು. ಸೋರುವ ಪಾತ್ರೆಗೆ ಏನು ಮಾಡಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮರದ ಬಿರಡೆಗೆ ಹಳೆಬಟ್ಟೆ ಸುತ್ತಿ ಜಡಿಯಬೇಕು. ಗುರುಮಲ್ಲಪ್ಪನನ್ನು ಕರೆದು ಜಡಿ ಎಂದರು.

ಅವನಿಗೆ ಪ್ರಭಾಮಣಿಯ ಎರಡು ಮಾತೂ ನೆನಪಿದ್ದವು. ಒಂದು ಆಗಲೇ ಮುರಿದಿತ್ತು, ಇನ್ನೊಂದನ್ನು ಮುರಿಯಲು ಅವನ ಕೈಗೇ ಸುತ್ತಿಗೆ ಬಂದಿತ್ತು. “ಅವ್ವ, ಆ ತೂತು ಬೇಕೇ ಬೇಕು ಅಂತ ಹೇಳಿದ್ಲು” ಎಂದು ಗಂಟಲಲ್ಲೇ ಅಂದ. “ತುಂಬಿದ ಕೊಡ ತುಳುಕಲ್ಲ. ಜಡಿ” ಎಂದರು ದೊಡ್ಡವ್ವ. ಅವನು ಜಡಿದ. ಪಾತ್ರೆಯನ್ನು ಮತ್ತೆ ಬಾಯಿಮಟ್ಟ ತುಂಬಿಸಲಾಯಿತು. ಈಗ ನೀರು ಕದಲಲಿಲ್ಲ. ದೊಡ್ಡವ್ವನಿಗೆ ಸಮಾಧಾನವಾಯಿತು.

ಆ ಗಾದೆ ಕಟ್ಟಿದ ಪುಣ್ಯಾತ್ಮರು ತುಂಬಿದ ಕೊಡವನ್ನು ಬಾಯಿ ಮುಚ್ಚಿ ಒಲೆಯ ಮೇಲೆ ಇಟ್ಟು ನೋಡಿರಲಿಲ್ಲ ಎಂದು ಕಾಣುತ್ತದೆ.

ಹಬ್ಬದ ದಿನವಾದ್ದರಿಂದ ಒಲೆಗೆ ಬೆಳಗ್ಗೆಯೇ ದಪ್ಪ ಕೊರಡು ಬಿದ್ದಿತು. ಹಂಡೆಯ ನೀರು ಕಾಯತೊಡಗಿತು, ಉಬ್ಬತೊಡಗಿತು. ಮೇಲೆ ಹೋಗಲು ದಾರಿಯಿಲ್ಲ. ಬಾಣಂತಿ ಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದ ಶಿವಲೀಲಾಳಿಗೆ ಗೋಡೆಯ ಪೈಪು ಟಕ್ ಟಕ್ ಎನ್ನುವುದು ಕೇಳಿತು. ಮೂರು ವಾರದಿಂದ ಆ ಪೈಪಿನ ಪಕ್ಕದಲ್ಲೇ ಮಲಗಿದ್ದವಳು, ಅದು ಎಂದೂ ಹಾಗೆ ಸದ್ದು ಮಾಡಿರಲಿಲ್ಲ. ಅಪ್ಪನನ್ನು ಕೇಳಿದರೆ ಅವನು ಹಾರಿಕೆಯ ಉತ್ತರ ಕೊಟ್ಟ. ಅಜ್ಜಿಯನ್ನು ಕೇಳಿದರೆ ಹಬ್ಬದ ದಿನ ಗಂಗೆ ಮಾತಾಡುತ್ತಾಳೆ ಎಂದರು. ಅವಳು ಇಬ್ಬರನ್ನೂ ನಂಬದೆ ಪಕ್ಕದ ಮನೆಯವರ ಕೈಲಿ ಪ್ರಭಾಮಣಿಗೆ ಹೇಳಿಕಳಿಸಿದಳು. ಬಾಣಂತಿಯ ಆ ಬುದ್ಧಿ ಇಡೀ ಮನೆಯನ್ನು ಉಳಿಸಿತು.

ಪ್ರಭಾಮಣಿ ಬಂದಾಗ ಹನ್ನೊಂದು ಗಂಟೆ. ಒಲೆಮನೆಗೆ ಕಾಲಿಟ್ಟವಳು ಹಂಡೆಯ ಮೇಲೆ ಅಂಗೈ ಇಟ್ಟು ತಟ್ಟನೆ ತೆಗೆದಳು. ಅವಳು ಚಪ್ಪಟೆಯಾಗಿ ಬಡಿದಿದ್ದ ಹಂಡೆಯ ಮೇಲ್ಭಾಗ ಪೂರಿಯ ಹಾಗೆ ಊದಿಕೊಂಡಿತ್ತು. ಬೆಸುಗೆಯ ಉದ್ದಕ್ಕೂ ಹನಿ ಮೂಡುತ್ತಿತ್ತು. ಗೋಡೆಯ ಆಚೆ ಬಾಣಂತಿ ಕೋಣೆ, ಅಲ್ಲಿ ತೊಟ್ಟಿಲು.

ಅವಳು ಯಾರನ್ನೂ ಕೂಗಲಿಲ್ಲ. ಉರಿಯುವ ಕೊರಡುಗಳನ್ನು ಒಲೆಯಿಂದ ಎಳೆದು ಹಿತ್ತಲಿಗೆ ಎಸೆದಳು, ಕೆಂಡದ ಮೇಲೆ ಬೂದಿ ಸುರಿದಳು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಬಿರಡೆಯನ್ನು ನೋಡಿದ ಮೇಲೆ ಅವಳಿಗೆ ಬೇರೇನೂ ಕೇಳಬೇಕಾಗಲಿಲ್ಲ. ಕೈಗೆ ಗೋಣಿಚೀಲ ಸುತ್ತಿಕೊಂಡು ಪಾತ್ರೆಯೊಳಗೆ ಮೊಣಕೈವರೆಗೆ ಇಳಿಸಿ, ಬಿರಡೆಯನ್ನು ಹಿಡಿದು ತಿರುಚಿ ಕಿತ್ತಳು.

ಕೆಳಗಿನ ಬಿಸಿನೀರು ಉಸಿರು ಬಿಟ್ಟ ಹಾಗೆ ಮೇಲೆ ನುಗ್ಗಿತು. ಪಾತ್ರೆ ತುಂಬಿ ಚೆಲ್ಲಿತು. ನೀರು ನೆಲದ ಮೇಲೆ ಹರಿದು, ಮೆಟ್ಟಿಲು ಇಳಿದು, ಪಡಸಾಲೆಯಲ್ಲಿ ದೊಡ್ಡವ್ವ ಬೆಳಗ್ಗೆಯಿಂದ ಬಗ್ಗಿ ಬರೆದಿದ್ದ ರಂಗೋಲಿಯನ್ನು ಕಲಸಿಹಾಕಿತು. ಪ್ರಭಾಮಣಿ ಅಲ್ಲಿಗೂ ನಿಲ್ಲಿಸಲಿಲ್ಲ. ಚೊಂಬು ತೆಗೆದುಕೊಂಡು ಪಾತ್ರೆಯ ನೀರನ್ನು ಮೊಗೆಮೊಗೆದು ಕಿಟಕಿಯಿಂದ ಹೊರಗೆ ಚೆಲ್ಲಿದಳು. ಹಂಡೆಯ ನೀರು ಆಗಲೇ ಅರ್ಧಂಬರ್ಧ ಕಾದಿದ್ದುದರಿಂದ ಕಾಲು ಭಾಗದ ಬದಲು ಅರ್ಧ ಪಾತ್ರೆ ಉಳಿಸಿದರೆ ಸರಿಹೋಗುತ್ತದೆ ಎಂದು ಅವಳ ಲೆಕ್ಕ.

ದೊಡ್ಡವ್ವ ಮೆಟ್ಟಿಲು ಹತ್ತಿ ಬಂದು ನೋಡಿದ್ದು ಇದನ್ನೇ. ನೀರು ತುಂಬುವ ಹಬ್ಬದ ದಿನ ಒಬ್ಬ ಹೆಂಗಸು ತಮ್ಮ ಮನೆಯ ತುಂಬಿದ ಪಾತ್ರೆಯನ್ನು ಖಾಲಿ ಮಾಡುತ್ತಿದ್ದಾಳೆ. ಅವರು ಗೋಡೆ ಹಿಡಿದು ನಿಂತರು.

“ಎಂಬತ್ತು ವರ್ಷದಲ್ಲಿ ಈ ದಿನ ನನ್ನ ಕಣ್ಣೆದುರು ಯಾರೂ ಒಂದು ತೊಟ್ಟು ನೀರು ಚೆಲ್ಲಿರಲಿಲ್ಲ ಕಣಮ್ಮ.”

ಪ್ರಭಾಮಣಿ ಕೈಗೆ ಸುತ್ತಿದ್ದ ಗೋಣಿ ಬಿಚ್ಚಿದಳು. ಮೊಣಕೈವರೆಗೆ ತೋಳು ಕೆಂಪಾಗಿತ್ತು. “ದೊಡ್ಡವ್ವ, ಇನ್ನೊಂದು ಗಳಿಗೆ ಬಿಟ್ಟಿದ್ರೆ ಹಂಡೆ ಸೀಳ್ತಿತ್ತು. ಅದರ ಪಕ್ಕದಲ್ಲೇ ನಿಮ್ಮ ಮರಿಮಗಳ ತೊಟ್ಟಿಲು” ಎಂದಳು.

ದೊಡ್ಡವ್ವನಿಗೆ ಅದು ನಾಟಲಿಲ್ಲ. ನೀರು ಕಾಯಿಸಿದರೆ ಆವಿಯಾಗಿ ಕಮ್ಮಿಯಾಗುವುದನ್ನು ಅವರು ಜೀವಮಾನವೆಲ್ಲ ನೋಡಿದ್ದರು, ಹೆಚ್ಚಾಗುವುದನ್ನು ಯಾರಾದರೂ ಕಂಡಿದ್ದಾರೆಯೇ? ಅವರು ತೀರ್ಪು ಕೊಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಎಲ್ಲ ಪಾತ್ರೆಗಳೂ ತುಂಬಿರಬೇಕು. ಈ ಪಾತ್ರೆಯೂ ತುಂಬಿರಬೇಕು. ಇಲ್ಲವಾದರೆ ಪಾತ್ರೆ, ಪೈಪು, ಹಂಡೆ ಎಲ್ಲವೂ ಇವತ್ತೇ ಮನೆಯಿಂದ ಹೊರಗೆ. ಬಾಣಂತಿ ಕೋಣೆಗೆ ಮೊದಲಿನ ಹಾಗೆ ಅಗ್ಗಿಷ್ಟಿಕೆ ಬರಲಿ. ತಾವು ಏಳು ಮಕ್ಕಳನ್ನು ಹೊಗೆಯಲ್ಲೇ ಸಾಕಲಿಲ್ಲವೇ?

ಮೆಟ್ಟಿಲ ಕೆಳಗೆ ಮಗುವನ್ನು ಎದೆಗವಚಿಕೊಂಡು ನಿಂತಿದ್ದ ಶಿವಲೀಲಾಳ ಮುಖ ಬಿಳುಪೇರಿತು. ಗುರುಮಲ್ಲಪ್ಪ ಅವ್ವನ ಮುಖ ನೋಡಿದ, ಮಗಳ ಮುಖ ನೋಡಿದ. ಅವನು ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದ.

ಪ್ರಭಾಮಣಿ ಪಾತ್ರೆಯೊಳಗೆ ಬಗ್ಗಿ ನೀರಿನ ಮಟ್ಟ ನೋಡಿದಳು. ಆಮೇಲೆ ಹೇಳಿದಳು: “ಆಗಲಿ ದೊಡ್ಡವ್ವ. ದೀಪದ ಹೊತ್ತಿಗೆ ಇದು ತುಂಬಿರುತ್ತೆ. ಆದರೆ ನಾನೂ ಹುಯ್ಯಲ್ಲ, ನೀವೂ ಹುಯ್ಯಬಾರದು, ಯಾರೂ ಹುಯ್ಯಬಾರದು. ಅದೇ ತುಂಬಿಕೊಳ್ಳುತ್ತೆ. ತುಂಬದಿದ್ರೆ ಎಲ್ಲವನ್ನೂ ನಾನೇ ನನ್ನ ಕೈಯಾರೆ ಬಿಚ್ಚಿಕೊಂಡು ಹೋಗ್ತೀನಿ.”

ದೊಡ್ಡವ್ವ ಅಷ್ಟು ಸುಲಭಕ್ಕೆ ಮೋಸಹೋಗುವವರಲ್ಲ. ಸುಣ್ಣದ ಡಬ್ಬಿ ತರಿಸಿ, ಪಾತ್ರೆಯ ಒಳಗೆ ನೀರಿನ ಮಟ್ಟಕ್ಕೆ ಸರಿಯಾಗಿ ಬೆರಳಿನಿಂದ ಒಂದು ಗೆರೆ ಎಳೆದರು. ಪಕ್ಕದಲ್ಲೇ ಮಣೆ ಹಾಕಿಸಿಕೊಂಡು, ಎಲೆಯಡಿಕೆಯ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕಾವಲು ಕುಳಿತರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಪಾತ್ರೆಯನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದರು.

ಪ್ರಭಾಮಣಿ ಕೆಳಗೆ ಬೆಸುಗೆಯನ್ನು ಪರೀಕ್ಷಿಸಿದಳು. ಒತ್ತಡ ಇಳಿದ ಮೇಲೆ ಹನಿ ನಿಂತಿತ್ತು, ಅವಳ ಕೆಲಸ ತಡೆದಿತ್ತು. ಒಲೆ ಮತ್ತೆ ಹೊತ್ತಿಸಿದಳು. ಆದರೆ ತಣ್ಣನೆಯ ಗಾಳಿ ಎದ್ದಿತ್ತು, ಸೌದೆ ಮಂಜಿನಲ್ಲಿ ನೆನೆದಿತ್ತು. ನೀರು ನಿಧಾನವಾಗಿ ಕಾಯುತ್ತಿತ್ತು. ಕಾದದ್ದರಲ್ಲಿ ಒಂದು ಪಾಲನ್ನು ಬಾಣಂತಿ ಕೋಣೆ ಕುಡಿಯುತ್ತಿತ್ತು.

ಮೂರು ಗಂಟೆಯ ಹೊತ್ತಿಗೆ ಗುರುಮಲ್ಲಪ್ಪ ಒಲೆಮನೆಗೆ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. ಬೆಳಗ್ಗೆ ಬಿರಡೆ ಜಡಿದದ್ದು ತಾನೇ ಎಂದು ಒಪ್ಪಿಕೊಂಡ. ಅದಕ್ಕೆ ಪರಿಹಾರ ಎನ್ನುವಂತೆ ಒಂದು ಉಪಾಯ ಹೇಳಿದ. ಬಾಣಂತಿ ಕೋಣೆಗೆ ಹೋಗುವ ಪೈಪಿಗೆ ವಾಲ್ವ್ ಇದೆಯಲ್ಲ, ದೀಪ ಹಚ್ಚುವವರೆಗೆ ಅದನ್ನು ಮುಚ್ಚಿಬಿಡೋಣ. ಎಲ್ಲ ಬಿಸಿಯೂ ಹಂಡೆಯಲ್ಲೇ ಉಳಿಯುತ್ತದೆ, ನೀರು ಬೇಗ ಕಾಯುತ್ತದೆ, ಪಾತ್ರೆ ಬೇಗ ತುಂಬುತ್ತದೆ. ಮೂರು ತಾಸು ತಾನೇ, ಮಗುವಿಗೆ ಇನ್ನೆರಡು ಕಂಬಳಿ ಹೊದಿಸಿದರಾಯಿತು.

ಉಪಾಯವೇನೋ ಸರಿಯಾಗಿಯೇ ಇತ್ತು. ವಾಲ್ವ್ ಕೈಗೆಟುಕುವಷ್ಟು ಹತ್ತಿರವಿತ್ತು. ಮುಚ್ಚಿದರೆ ಗೆಲುವು ಖಂಡಿತ. ಪ್ರಭಾಮಣಿಯ ಕೈ ಒಮ್ಮೆ ಅತ್ತ ಹೋದದ್ದೂ ನಿಜ, ಅವಳೂ ಮನುಷ್ಯಳೇ ತಾನೇ. ಆದರೆ ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

“ಬೇಡ ಸಾವ್ಕಾರ್ರೆ. ಈ ಹಂಡೆ ಕಟ್ಟಿದ್ದು ಮಗೂಗೆ. ಪಾತ್ರೆ ತುಂಬೋಕೆ ಮಗೂನ ತಣ್ಣಗೆ ಮಾಡಿದ್ರೆ ನಾನು ಗೆದ್ದೂ ಏನು ಬಂತು? ಸೋತರೆ ಸೋಲ್ತೀನಿ, ವಾಲ್ವ್ ಮುಚ್ಚಲ್ಲ.”

ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಪೈಪು ಹೋಗಲು ಮಹಡಿಯ ನೆಲದಲ್ಲಿ ಕೊರೆದಿದ್ದ ಕಂಡಿಯಿಂದ ಒಲೆಮನೆಯ ಪಿಸುಮಾತು ಕೂಡ ಮೇಲಕ್ಕೆ ಕೇಳುತ್ತಿತ್ತು. ದೊಡ್ಡವ್ವನ ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗಿತ್ತು. ಮಗನ ಮಾತೂ ಕೇಳಿತು, ಆ ಹೆಂಗಸಿನ ಮಾತೂ ಕೇಳಿತು. ಅವರು ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಮರೆತು ಕುಳಿತರು.

ಹಾಗೆ ಕುಳಿತಾಗಲೇ ಅವರ ದೃಷ್ಟಿ ಪಾತ್ರೆಯೊಳಗೆ ಹೋಯಿತು. ಸುಣ್ಣದ ಗೆರೆ ಕಾಣಲಿಲ್ಲ. ಬಗ್ಗಿ ನೋಡಿದರು. ಗೆರೆ ಇತ್ತು, ನೀರಿನ ಒಳಗಿತ್ತು, ಒಂದು ಬೆರಳು ಕೆಳಗೆ. ಕೋಣೆಯಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗೆರೆ ಎಳೆದ ಮೇಲೆ ಯಾರೂ ಒಳಗೆ ಬಂದಿರಲಿಲ್ಲ, ಊಟದ ತಟ್ಟೆ ತಂದವರನ್ನೂ ಅವರು ಬಾಗಿಲಲ್ಲೇ ತಡೆದಿದ್ದರು. ದೊಡ್ಡವ್ವ ಹೊಸದೊಂದು ಗೆರೆ ಎಳೆದು ಕಾದರು. ಮುಕ್ಕಾಲು ತಾಸಿನಲ್ಲಿ ಅದೂ ಮುಳುಗಿತು. ಮತ್ತೊಂದು ಎಳೆದರು. ಅದೂ ಮುಳುಗಿತು. ಪಾತ್ರೆಗಳನ್ನು ಜೀವಮಾನವೆಲ್ಲ ಕೈಯಾರೆ ತುಂಬಿಸಿದವರು ಅವರು. ತನ್ನಷ್ಟಕ್ಕೆ ತಾನೇ ತುಂಬುವ ಪಾತ್ರೆಯನ್ನು ನೋಡುತ್ತಿದ್ದುದು ಅದೇ ಮೊದಲು.

ಸಂಜೆಯಾಯಿತು. ಗುಡ್ಡದ ನೆರಳು ಊರಿನ ಮೇಲೆ ಇಳಿಯಿತು. ಪಕ್ಕದ ಮನೆಯಲ್ಲಿ ದೀಪ ಹಚ್ಚಿದರು, ಎದುರು ಮನೆಯಲ್ಲಿ ಹಚ್ಚಿದರು, ಬೀದಿಯ ಉದ್ದಕ್ಕೂ ಜಗಲಿಗಳು ಬೆಳಗಿದವು. ತುಂಬಿದ ಮನೆಯ ಜಗಲಿ ಮಾತ್ರ ಕತ್ತಲಾಗಿತ್ತು. ಪ್ರಭಾಮಣಿ ಮಹಡಿಗೆ ಬಂದಳು. ಹಿಂದೆಯೇ ಗುರುಮಲ್ಲಪ್ಪ, ಅವನ ಹಿಂದೆ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಶಿವಲೀಲಾ. ಎಲ್ಲರೂ ಪಾತ್ರೆಯೊಳಗೆ ನೋಡಿದರು.

ಎರಡು ಬೆರಳು ಕಮ್ಮಿ.

ಪ್ರಭಾಮಣಿ ಸೋತ ಮುಖವನ್ನು ಮುಚ್ಚಿಡಲಿಲ್ಲ. ಅವಳ ಕಣ್ಣು ತುಂಬಿ ಬಂತು. ಹೊತ್ತು ಮೀರಿತು ದೊಡ್ಡವ್ವ, ಸಲಕರಣೆ ತಂದು ಬಿಚ್ಚುತ್ತೇನೆ ಎಂದು ಹೇಳಿ ತಿರುಗಿದಳು.

“ನಿಂತ್ಕೋ” ಎಂದರು ದೊಡ್ಡವ್ವ. “ಈ ಮನೇಲಿ ದೀಪ ಹಚ್ಚೋದು ಯಾರು?”

ಉತ್ತರ ಎಲ್ಲರಿಗೂ ಗೊತ್ತಿತ್ತು.

“ನಾನು ಹಚ್ಚಿದಾಗಲೇ ಈ ಮನೆಗೆ ದೀಪದ ಹೊತ್ತು. ನಾನಿನ್ನೂ ಹಚ್ಚಿಲ್ಲ.”

ಹಾಗೆ ಹೇಳಿ ದೊಡ್ಡವ್ವ ಮಾಡಿದ ಕೆಲಸವನ್ನು ಚಳಿಗುಡ್ಡದವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಸೊಂಟದಿಂದ ಬೀಗದ ಕೈ ಬಿಚ್ಚಿ ಪ್ರಭಾಮಣಿಯ ಅಂಗೈಯಲ್ಲಿ ಇಟ್ಟರು. ಮಗನ ಕೈಯಲ್ಲಿ ಒಂದು ದಿನವೂ ಇಟ್ಟಿರಲಿಲ್ಲ. ಉಗ್ರಾಣದಲ್ಲಿ ನಾಲ್ಕು ಮೂಟೆ ಒಣ ಕರಟ ಇದೆ, ಎಲ್ಲವನ್ನೂ ಸುರಿ, ಒಲೆಗೆ ಹಾಕು ಎಂದರು. ನಾಲ್ಕೂ ಮೂಟೆ ಖಾಲಿಯಾಗುತ್ತದಲ್ಲ ಅವ್ವ ಎಂದು ಗುರುಮಲ್ಲಪ್ಪ ಬೆರಗಾಗಿ ಕೇಳಿದ. ಆಗಲಿ ಬಿಡು ಎಂದರು. ಆ ಬಾಯಿಂದ ಆ ಮಾತು ಬಂದದ್ದೂ ಅದೇ ಮೊದಲು.

ಒಣ ಕರಟದ ಬೆಂಕಿ ಹೇಗೆ ಏಳುತ್ತದೆ ಎಂದು ಸ್ನಾನದ ಹಂಡೆಗೆ ಉರಿ ಹಾಕಿದವರನ್ನು ಕೇಳಿ. ಚಟಪಟ ಎನ್ನುತ್ತ ಒಲೆ ಕೆಂಪಗೆ ಬೆಳಗಿತು. ಪ್ರಭಾಮಣಿ ಕೆಳಗೆ ಉರಿ ನೋಡುತ್ತಿದ್ದಳು. ದೊಡ್ಡವ್ವ ಮೇಲೆ ಪಾತ್ರೆ ನೋಡುತ್ತಿದ್ದರು. ಕಂಡಿಯಿಂದ ಅವರ ದನಿ ಇಳಿದು ಬರುತ್ತಿತ್ತು. “ಒಂದೂವರೆ ಬೆರಳು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಒಂದು ಬೆರಳು.” ಬೀದಿಯಲ್ಲಿ ಜನ ಸೇರತೊಡಗಿದರು, ದೊಡ್ಡವ್ವನ ಮನೆಯಲ್ಲಿ ಯಾಕೆ ಇನ್ನೂ ದೀಪ ಬಂದಿಲ್ಲ ಎಂದು. ಕಾರಣ ತಿಳಿದವರು ಮನೆಗೆ ಹೋಗದೆ ಅಲ್ಲೇ ನಿಂತರು. “ಅರ್ಧ ಬೆರಳು” ಎಂದು ಮೇಲಿನಿಂದ ಬಂದದ್ದನ್ನು ಒಬ್ಬರಿಂದ ಒಬ್ಬರು ಬೀದಿಯ ತುದಿಯವರೆಗೆ ದಾಟಿಸಿದರು.

ಆಮೇಲೆ ಮೇಲಿನಿಂದ ದನಿ ಬರಲಿಲ್ಲ. ಪ್ರಭಾಮಣಿ ಗಾಬರಿಯಿಂದ ಮೆಟ್ಟಿಲು ಹತ್ತಿದಳು.

ದೊಡ್ಡವ್ವ ಪಾತ್ರೆಯ ಮುಂದೆ ಕೈಮುಗಿದು ನಿಂತಿದ್ದರು. ನೀರು ಅಂಚಿಗೆ ಅಂಚು ಸೇರಿ ನಿಂತಿತ್ತು, ಇನ್ನೊಂದು ತೊಟ್ಟಿಗೂ ಎಡೆಯಿಲ್ಲದ ಹಾಗೆ. ಯಾರೂ ಹುಯ್ದಿರಲಿಲ್ಲ. ಪ್ರಭಾಮಣಿ ಕೂಡಲೇ ಕೆಳಗೆ ಓಡಿ ಉರಿ ಎಳೆದು ತಗ್ಗಿಸಿದಳು. ಗೆದ್ದ ಸಂತೋಷದಲ್ಲೂ ಮೈಮರೆಯದವಳು ಅವಳು.

ದೊಡ್ಡವ್ವ ಹಾಗಲ ಬಳ್ಳಿ ತರಿಸಿ ಪಾತ್ರೆಯ ಕೊರಳಿಗೆ ಸುತ್ತಿದರು. ದೀಪ ಹಚ್ಚಿದರು. ಆರತಿ ಎತ್ತಿದರು. ವಿಭೂತಿ ಕುಂಕುಮವನ್ನು ಮೊದಲು ಪಾತ್ರೆಗೆ ಇಟ್ಟು, ಆಮೇಲೆ ಪ್ರಭಾಮಣಿಯ ಹಣೆಗೆ ಇಟ್ಟರು. ಸುಟ್ಟ ತೋಳಿಗೆ ಬೆಣ್ಣೆ ಹಚ್ಚಲು ಬಂದರು, ಬೆಣ್ಣೆ ಬೇಡ, ಡಾಕ್ಟರಮ್ಮನ ಮುಲಾಮು ಹಚ್ಚಿದ್ದೇನೆ ಎಂದು ಅವಳು ನಕ್ಕಳು. ಜಗಲಿಯ ದೀಪಗಳು ಹತ್ತಿದಾಗ ಬೀದಿಯಲ್ಲಿ ನಿಂತವರು ಗೆದ್ದವರು ತಾವೇ ಎಂಬಂತೆ ಕೂಗು ಹಾಕಿದರು. ಅಷ್ಟು ಗದ್ದಲದಲ್ಲೂ ಬೆಚ್ಚನೆಯ ಕೋಣೆಗೆ ಮರಳಿದ ಮಗು ತುಟಿ ಚಪ್ಪರಿಸಿ ನಿದ್ದೆ ಮುಂದುವರಿಸಿತು.

ಮರುದಿನ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ದೊಡ್ಡವ್ವ ಮಹಡಿಗೆ ಬಂದರು. ರಾತ್ರಿ ಉರಿ ತಗ್ಗಿತ್ತಲ್ಲ, ನೀರು ಅರ್ಧ ಪಾತ್ರೆಗಿಂತ ಕೆಳಗೆ ಇಳಿದಿತ್ತು. ಹಿಂದೆ ಬಂದ ಗುರುಮಲ್ಲಪ್ಪ ಹೆದರುತ್ತ, ಮತ್ತೆ ಖಾಲಿಯಾಗಿದೆ ಅವ್ವ ಎಂದ.

“ಖಾಲಿ ಅನ್ನಬೇಡ” ಎಂದರು ದೊಡ್ಡವ್ವ. “ಗಂಗೆ ಒಳಗೆ ಹೋಗಿದ್ದಾಳೆ. ಬರ್ತಾಳೆ. ಅವಳ ಜಾಗ ಅವಳಿಗೆ ಇರಲಿ.”

ಅಂದಿನಿಂದ ರಾಗಿ ಡಬ್ಬದ ಮುಚ್ಚಳ ಒತ್ತಲು ಆ ಮನೆಯಲ್ಲಿ ಮೊಣಕಾಲು ಬೇಕಾಗಲಿಲ್ಲವಂತೆ. ಗುರುಮಲ್ಲಪ್ಪ ಅವ್ವನ ಎದುರು ಎರಡು ಮಾತು ಆಡುವುದನ್ನೂ ಕಲಿತನಂತೆ. ಚಳಿಗುಡ್ಡದ ಎಷ್ಟೋ ಮನೆಗಳಿಗೆ ಪ್ರಭಾಮಣಿ ಅಂಥ ಹಂಡೆ ಕಟ್ಟಿಕೊಟ್ಟಳು. ಆ ಊರಿನಲ್ಲಿ ಈಗಲೂ ನೀರು ತುಂಬುವ ಹಬ್ಬದ ಸಂಜೆ ಎಲ್ಲ ಪಾತ್ರೆಗಳನ್ನು ತುಂಬಿಸಿದ ಮೇಲೆ ಒಂದನ್ನು ಮಾತ್ರ ಬಿಟ್ಟು, ಅದರ ಸುತ್ತ ಮನೆಮಂದಿಯೆಲ್ಲ ಕುಳಿತು ಕಾಯುತ್ತಾರೆ. ಅದು ತನ್ನಷ್ಟಕ್ಕೆ ತುಂಬಿದ ಮೇಲೆಯೇ ಅಲ್ಲಿ ದೀಪ.

ನೀತಿ: ಬಿಟ್ಟ ಜಾಗವೆಲ್ಲ ಕೊರತೆಯಲ್ಲ. ಕಾವು ಏರಿದಾಗ ನೀರೂ ಉಬ್ಬುತ್ತದೆ, ಮನುಷ್ಯರೂ ಉಬ್ಬುತ್ತಾರೆ. ಉಬ್ಬುವುದಕ್ಕೆ ಎಡೆ ಬಿಟ್ಟ ಮನೆ ಉಳಿಯುತ್ತದೆ, ಬಿರಡೆ ಜಡಿದ ಮನೆ ಸೀಳುತ್ತದೆ. ಇನ್ನೊಂದು ಮಾತು. ಗೆಲ್ಲುವ ಅವಸರದಲ್ಲಿ, ಯಾರಿಗಾಗಿ ಒಲೆ ಹಚ್ಚಿದೆವೋ ಅವರನ್ನೇ ಚಳಿಗೆ ಬಿಡಬಾರದು.